ಬಂಡೆ ಸುಮ್ಮನೆ ಸಿಡಿಯುವುದಿಲ್ಲ, ಅಮ್ಮಣ್ಣಿ

ಅಮ್ಮಣ್ಣಿ,

ಹೋದ ಭಾನುವಾರ ನೀನು ಬಂಗಾರಪೇಟೆಗೆ ಬಂದಾಗ ಜಗಲಿಯ ಮೇಲೆ ಕೂತು ನಿನ್ನ ಧಾರಾವಾಹಿಯ ಒನ್‌ಲೈನ್ ಓದಿ ಹೇಳಿದೆ. ನಾಗಲೋಕದ ಹುಡುಗಿ, ಅವಳ ಮಣಿ, ಮಣಿಯ ಮೇಲೆ ಕಣ್ಣಿಟ್ಟ ಮಾಂತ್ರಿಕ. ಆರು ತಿಂಗಳಿಂದ ಮಾಂತ್ರಿಕನ ನೆರಳು ಕಂಡರೂ ಬುಸುಗುಟ್ಟುತ್ತಿದ್ದ ಹುಡುಗಿ, ಶುಕ್ರವಾರದ ಸಂಚಿಕೆಯಲ್ಲಿ ಅವನು ಎರಡು ಹನಿ ಕಣ್ಣೀರು ಹಾಕಿದ ಕೂಡಲೇ ಮಣಿಯನ್ನು ಅವನ ಕೈಗೇ ಕೊಟ್ಟುಬಿಡುತ್ತಾಳೆ. "ಯಾಕಮ್ಮಾ ಕೊಟ್ಟಳು?" ಅಂತ ಕೇಳಿದೆ. "ಫ್ಯಾಂಟಸಿ ಅಲ್ವಾ ತಾತ, ಏನು ಬೇಕಾದರೂ ಆಗಬಹುದು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂಚೆಯೇ ತೆಗೆದಿಟ್ಟ ಸಂಚಿಕೆಗಳ ಬ್ಯಾಂಕಿಂಗ್ ಇಲ್ಲ ತಾತ, ಗುರುವಾರ ಟಿಆರ್‌ಪಿ ಬರುತ್ತೆ, ಟ್ವಿಸ್ಟ್ ಬೇಕು ಅಂತಾರೆ" ಅಂತಲೂ ಅಂದೆ. ಅಷ್ಟರಲ್ಲಿ ನಿನ್ನ ರೈಲಿನ ಹೊತ್ತಾಯಿತು. ನಾನು ಹೇಳಬೇಕೆಂದಿದ್ದು ಗಂಟಲಲ್ಲೇ ಉಳಿಯಿತು. ಅದನ್ನೇ ಈಗ ಬರೆಯುತ್ತಿದ್ದೇನೆ.

ಹಾವು ಹುಡುಗಿಯಾಯಿತು ಅಂತ ನೀನು ಓದಿದಾಗ ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಆ ಹುಡುಗಿ ಮಣಿ ಕೊಟ್ಟಳು ಅಂದಾಗ ಮಾತ್ರ ನಂಬಲಾಗಲಿಲ್ಲ. ಇದನ್ನು ಸ್ವಲ್ಪ ಯೋಚನೆ ಮಾಡು. ನೋಡುವವರು ಕಥೆಗಾರರಿಗೆ ಮೊದಲೇ ಒಂದು ಸಾಲ ಕೊಟ್ಟಿರುತ್ತಾರೆ. ಹಾವು ಮಾತಾಡಲಿ, ಬೆಟ್ಟ ಹಾರಲಿ, ಸತ್ತವರು ಎದ್ದು ಬರಲಿ, ಒಪ್ಪಿದೆವು ಅಂತ. ಆ ಸಾಲಕ್ಕೆ ಅವರು ಕೇಳುವ ಅಡಮಾನ ಒಂದೇ: ಒಳಗಿನ ಮನಸ್ಸು ಮಾತ್ರ ನಮ್ಮ ಮನೆಯವರ ಮನಸ್ಸಿನ ಹಾಗೇ ಇರಬೇಕು. ನಿನ್ನ ಅಜ್ಜಿ ಹಾವಿನ ಧಾರಾವಾಹಿ ನೋಡುವಾಗ ಯಾವತ್ತೂ "ಹಾವು ಸೀರೆ ಉಡುತ್ತಾ?" ಅಂತ ಕೇಳಿದವಳಲ್ಲ. "ಇವಳಿಗೇನು ಬುದ್ಧಿ ಇಲ್ವಾ, ನಿನ್ನೆ ತಾನೇ ಅವನು ವಿಷ ಹಾಕಿದ್ದ" ಅಂತ ಗೊಣಗುತ್ತಾಳೆ. ಆ ಗೊಣಗಾಟದಲ್ಲಿ ದೊಡ್ಡ ವಿಮರ್ಶೆ ಇದೆ.

ನಿನ್ನ ಮುತ್ತಾತ, ಅಂದರೆ ನನ್ನ ಅಪ್ಪ, ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಅದಿರು ತೆಗೆದು ಬರಿದಾದ ಜಾಗದಲ್ಲಿ ಮೇಲಿನ ಬಂಡೆ ಕುಸಿಯದ ಹಾಗೆ ಕಗ್ಗಲ್ಲಿನ ಗೋಡೆ ಕಟ್ಟುವುದು ಅವರ ಪಾಳಿಯ ಕೆಲಸ. ಆ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಆಳದಲ್ಲಿ ಒಮ್ಮೊಮ್ಮೆ ಬಂಡೆ ತಾನಾಗಿಯೇ ಗುಂಡಿನ ಹಾಗೆ ಸಿಡಿಯುತ್ತಿತ್ತು. ಇಂಜಿನಿಯರುಗಳು ರಾಕ್ ಬರ್ಸ್ಟ್ ಅನ್ನುತ್ತಿದ್ದರು, ಹಳಬರು ಏರ್ ಬ್ಲಾಸ್ಟ್ ಅನ್ನುತ್ತಿದ್ದರು. ಕೆಳಗೆ ಸಿಡಿದರೆ ಮೇಲೆ ನಮ್ಮ ಲೈನ್ ಮನೆಯಲ್ಲಿ ಅಡುಗೆ ಗೂಡಿನ ಪಾತ್ರೆ ಗಲಗಲ ಅನ್ನುತ್ತಿತ್ತು. ಅಮ್ಮ ಒಲೆಯ ಮೇಲಿದ್ದುದನ್ನು ಇಳಿಸಿ ಬಾಗಿಲಿಗೆ ಬಂದು ನಿಲ್ಲುವಳು. ಆ ಸಾಲಿನ ಮನೆ ಮನೆಯ ಬಾಗಿಲಲ್ಲೂ ಒಬ್ಬೊಬ್ಬ ಹೆಂಗಸು. ಯಾರೂ ಮಾತಾಡುತ್ತಿರಲಿಲ್ಲ. ಪಾಳಿ ಮುಗಿಸಿ ಗಂಡಸರು ಶಾಫ್ಟ್ ಕಡೆಯಿಂದ ಬರುವುದು ಕಂಡ ಮೇಲೇ ಒಳಗೆ ಹೋಗುತ್ತಿದ್ದರು.

ಒಂದು ಸಲ ನಾನು ಅಪ್ಪನನ್ನು ಕೇಳಿದೆ, ಬಂಡೆ ಹೇಗೆ ಇದ್ದಕ್ಕಿದ್ದ ಹಾಗೆ ಸಿಡಿಯುತ್ತೆ ಅಂತ. ಅಪ್ಪ ಹೇಳಿದ್ದು ಇವತ್ತಿಗೂ ನೆನಪಿದೆ: "ಇದ್ದಕ್ಕಿದ್ದ ಹಾಗೆ ಎಲ್ಲಿ ಸಿಡಿಯುತ್ತಪ್ಪಾ? ನಾವು ಅದಿರು ತೆಗೆದಷ್ಟೂ ಮೇಲಿನ ಭಾರವೆಲ್ಲ ಉಳಿದ ಬಂಡೆ ಮೇಲೆ ಬೀಳುತ್ತೆ. ಅದು ವರ್ಷಗಟ್ಟಲೆ ತಡೆದುಕೊಳ್ಳುತ್ತೆ. ಒಳಗೇ ಚಿಟಚಿಟ ಅನ್ನುತ್ತೆ. ಕಿವಿ ಇದ್ದವನಿಗೆ ಕೇಳುತ್ತೆ." ಸಿಡಿತ ಒಂದು ಕ್ಷಣದ್ದು, ಭಾರ ಹತ್ತು ವರ್ಷದ್ದು.

ನಿನ್ನ ಟ್ವಿಸ್ಟೂ ಹೀಗೇ ಬರಬೇಕು ಅಮ್ಮಣ್ಣಿ. ಒಳ್ಳೆಯವಳು ಕೆಟ್ಟವಳಾಗಲಿ, ಹೆದರುಪುಕ್ಕಲ ಕತ್ತಿ ಹಿಡಿಯಲಿ, ನಾಗಿಣಿ ಮಣಿ ಕೊಡಲಿ. ಕೊಡುವ ಮುಂಚೆ ಭಾರ ಎಲ್ಲಿ ಬಿತ್ತು, ಚಿಟಚಿಟ ಎಲ್ಲಿ ಕೇಳಿಸಿತು ಅನ್ನುವುದು ನಿನಗೆ ಗೊತ್ತಿರಬೇಕು. ನೋಡುವವನಿಗೆ ಆ ಹೊತ್ತಿನಲ್ಲಿ ಬೆಚ್ಚಿಬೀಳುವ ಹಾಗಾಗಬೇಕು. ಆಮೇಲೆ ಹಿಂದಿರುಗಿ ನೋಡಿದರೆ "ಅಯ್ಯೋ, ಅವತ್ತೇ ಕಾಣಿಸಿತ್ತಲ್ಲ" ಅನ್ನಿಸಬೇಕು.

ಲಾಕ್‌ಡೌನಿನಲ್ಲಿ ನಿನ್ನ ಲ್ಯಾಪ್‌ಟಾಪಿನಲ್ಲಿ 'ಗೇಮ್ ಆಫ್ ಥ್ರೋನ್ಸ್' ತೋರಿಸಿದ್ದೆಯಲ್ಲ. 2011ರಿಂದ 2019ರವರೆಗೆ ಎಂಟು ಸೀಸನ್. ಕೊನೆಯಲ್ಲಿ ಆ ಡ್ರ್ಯಾಗನ್ ರಾಣಿ, ಶರಣಾದೆವು ಅಂತ ಗಂಟೆ ಹೊಡೆದ ಮೇಲೂ ಊರನ್ನು ಸುಟ್ಟುಹಾಕಿದಳು. ಪ್ರಪಂಚವೆಲ್ಲ ಸಿಟ್ಟಾಯಿತು, ನೀನೂ ಸಿಟ್ಟಾದೆ. ನನಗೆ ಅವಳು ಸುಟ್ಟದ್ದು ತಪ್ಪು ಕಥೆ ಅನ್ನಿಸಲಿಲ್ಲ. ಬೆಂಕಿಯ ಮಾತು ಅವಳ ಬಾಯಲ್ಲಿ ಮೊದಲಿನಿಂದಲೂ ಇತ್ತು. ಆದರೆ ಕೊನೆಯ ಸೀಸನ್ ಬರೀ 6 ಸಂಚಿಕೆಯದು. ಗೆಳತಿ ಸತ್ತಳು, ಮಗುವಿನಂಥ ಡ್ರ್ಯಾಗನ್ ಸತ್ತಿತು, ನಂಬಿದವನು ದೂರವಾದ. ಒಂದೊಂದೂ ಒಬ್ಬಳ ಎದೆ ಒಡೆಯುವಷ್ಟು ಭಾರ. ಒಂದರ ಹಿಂದೆ ಒಂದು ಓಡಿಸಿಬಿಟ್ಟರು, ಆ ಎದೆಯ ಹತ್ತಿರ ಕಿವಿ ಇಡಲು ನಮಗೆ ಪುರುಸೊತ್ತೇ ಕೊಡಲಿಲ್ಲ. ಅಷ್ಟು ದುಡ್ಡು, ಅಷ್ಟು ಜನ ಇದ್ದವರೇ ಆತುರದಲ್ಲಿ ಎಡವಿದರು. ವಾರಕ್ಕೆ ಐದಾರು ಸಂಚಿಕೆ ಬರೆಯುವ ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಅವರಿಗಿಲ್ಲದ ಒಂದು ಅನುಕೂಲ ನಿನಗಿದೆ: ನಿನ್ನ ಕೈಯಲ್ಲಿ ದಿನಗಳಿವೆ. ದಿನಕ್ಕೊಂದು ಚಿಟಚಿಟ ಇಟ್ಟರೆ ಸಾಕು.

ಇನ್ನು ಕೆಡುಕನ ಮಾತು. ಶಕುನಿಯನ್ನೇ ತಗೋ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಯುವಾಗ ದುರ್ಯೋಧನನ ಪಾರ್ಟಿಗೆ ಹೇಗೆ ಪೈಪೋಟಿಯೋ ಶಕುನಿಯ ಪಾರ್ಟಿಗೂ ಹಾಗೇ. ನಾನು ಎರಡು ಸಲ ಶಕುನಿಯಾದೆ. ಮೊದಲನೇ ಸಲ ಬರೀ ಕುಹಕದ ನಗು ನಕ್ಕೆ. ಹಾರ್ಮೋನಿಯಂ ಮೇಷ್ಟ್ರು ಬೆಲ್ಲೋಸ್ ನಿಲ್ಲಿಸಿ, "ಏನಯ್ಯಾ, ಇವನಿಗೆ ಏನು ಬೇಕಾಗಿದೆ?" ಅಂದರು. "ಪಾಂಡವರ ರಾಜ್ಯ" ಅಂದೆ. "ಅದು ದುರ್ಯೋಧನನಿಗೆ ಬೇಕಾಗಿದ್ದು. ಇವನಿಗೆ?" ನನ್ನಲ್ಲಿ ಉತ್ತರ ಇರಲಿಲ್ಲ. ಆಗ ಅವರು ಒಂದು ಕಥೆ ಹೇಳಿದರು. ಕೌರವರು ಗಾಂಧಾರದ ದೊರೆ ಸುಬಲನನ್ನೂ ಅವನ ಮಕ್ಕಳನ್ನೂ ಸೆರೆಯಲ್ಲಿಟ್ಟು, ಒಬ್ಬೊಬ್ಬರಿಗೆ ದಿನಕ್ಕೆ ಒಂದೊಂದೇ ಅಗುಳು ಕೊಡುತ್ತಿದ್ದರಂತೆ. ಎಲ್ಲರೂ ತಮ್ಮ ತಮ್ಮ ಅಗುಳನ್ನು ಶಕುನಿಗೆ ತಿನ್ನಿಸಿ, ನೀನೊಬ್ಬ ಉಳಿದು ಈ ಕೌರವರ ವಂಶ ತೀರಿಸು ಅಂತ ಹೇಳಿ ಸತ್ತರಂತೆ. ತಂದೆಯ ಮೂಳೆಯೇ ಆ ಪಗಡೆ ದಾಳ.

ಈ ಕಥೆ ವ್ಯಾಸರ ಮೂಲದಲ್ಲಿಲ್ಲ. ಜನ ಕಟ್ಟಿಕೊಂಡದ್ದು. ಯಾಕೆ ಕಟ್ಟಿದರು ಗೊತ್ತಾ? ಸೋದರಮಾವ ಅನ್ನುವವನು ಸುಮ್ಮಸುಮ್ಮನೆ ಮನೆ ಹಾಳುಮಾಡುತ್ತಾನೆ ಅನ್ನುವುದನ್ನು ನಮ್ಮ ಜನ ನಂಬಲಿಲ್ಲ. ಕುದುರೆಯ ತಲೆಯ ದೇವರನ್ನು, ನೂರೊಂದು ಮಡಕೆಯಲ್ಲಿ ಬೆಳೆದ ಮಕ್ಕಳನ್ನು ನಂಬಿದ ಜನವೇ ಕಾರಣವಿಲ್ಲದ ಕೆಡುಕನನ್ನು ಒಪ್ಪಲಿಲ್ಲ. ತಾವೇ ಒಂದು ಕಾರಣ ಹೆತ್ತು ಸಾಕಿದರು. ಎರಡನೇ ಸಲ ಪಾರ್ಟು ಮಾಡಿದಾಗ ನಾನು ನಗಲಿಲ್ಲ. ದಾಳ ಎಸೆಯುವ ಮುಂಚೆ ಅಂಗೈಯಲ್ಲಿಟ್ಟು ಒಂದು ಗಳಿಗೆ ನೋಡಿದೆ, ಅಷ್ಟೇ. ಮುಂದೆ ಕೂತಿದ್ದ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣು ಒರೆಸಿಕೊಂಡದ್ದು ಗ್ಯಾಸ್‌ಲೈಟಿನಲ್ಲಿ ಕಂಡಿತು.

ನಿನ್ನ ಮಾಂತ್ರಿಕನಿಗೆ ಏನು ಬೇಕು? "ಜಗತ್ತು ಗೆಲ್ಲಬೇಕು" ಅಂತ ಬರೆದಿದ್ದೀಯ. ಜಗತ್ತು ತಗೊಂಡು ಏನು ಮಾಡುತ್ತಾನೆ? ಅವನ ಅಗುಳು ಯಾವುದು, ಹುಡುಕು.

ಮಾಯೆಗೂ ಒಂದು ಕಟ್ಟು ಬೇಕು. ಗಿರೀಶ ಕಾರ್ನಾಡರ 'ನಾಗಮಂಡಲ' ಮತ್ತೆ ಓದು. 1988ರ ನಾಟಕ. 1997ರಲ್ಲಿ ನಾಗಾಭರಣ ಅದನ್ನೇ ಸಿನಿಮಾ ಮಾಡಿದರು. ರಾಣಿ ಅನ್ನುವ ಹೆಂಗಸು ಗಂಡನನ್ನು ಒಲಿಸಲು ತೇಯ್ದ ಬೇರು ಹುತ್ತಕ್ಕೆ ಬಿದ್ದು ನಾಗ ಒಲಿಯುತ್ತಾನೆ, ಗಂಡನ ರೂಪದಲ್ಲಿ ರಾತ್ರಿ ಬರುತ್ತಾನೆ. ರೂಪ ಬದಲಾದರೂ ಮುಂಗುಸಿ ಕಚ್ಚಿದ ಗಾಯ ಮೈಮೇಲೆ ಹಾಗೇ ಇರುತ್ತದೆ. ಕೊನೆಗೆ ಪಂಚಾಯಿತಿಯ ಮುಂದೆ ರಾಣಿ ಹಾವು ಹಿಡಿದು, ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಗಂಡಸನ್ನು ಮುಟ್ಟಿಲ್ಲ ಅನ್ನುತ್ತಾಳೆ. ಆ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಮೊದಲು ಹಾಕಿದ ಕಟ್ಟನ್ನು ಎಲ್ಲೂ ಮುರಿಯದೆ ಅಷ್ಟು ದೊಡ್ಡ ತಿರುವು ತಂದದ್ದಕ್ಕೇ ಮೈ ಜುಮ್ಮೆನ್ನುವುದು. ನಿನ್ನ ನಾಗಿಣಿಗೆ ಸೋಮವಾರ ಗೋಡೆ ದಾಟುವ ಶಕ್ತಿ ಇದ್ದು, ಬುಧವಾರ ಸಾಮಾನ್ಯ ಕೋಣೆಯಲ್ಲಿ ಕೂಡಿಹಾಕಿದರೆ ಅಳುತ್ತಾ ಕೂತರೆ, ನೋಡುವವರು ರಿಮೋಟು ತೆಗೆದುಕೊಳ್ಳುತ್ತಾರೆ.

ನಮ್ಮೂರಿನ ಹೆಸರಿನ ಸಿನಿಮಾದ ವಿಷಯವನ್ನೂ ನೀನು ಕೇಳಿದ್ದೆ. 2018ರಲ್ಲಿ 'ಕೆಜಿಎಫ್' ಬಂದಾಗಿನಿಂದ ಹೊರಗಿನವರು ಇಲ್ಲಿಗೆ ಬಂದು ಸಿನಿಮಾದ ನರಾಚಿ ಗಣಿ ಎಲ್ಲಿ ಅಂತ ಕೇಳುತ್ತಾರೆ. ಸಿನಿಮಾದಲ್ಲಿ 1951ರಲ್ಲಿ ಚಿನ್ನ ಸಿಗುತ್ತದೆ. ನಿಜದಲ್ಲಿ ಇಲ್ಲಿ ಚಿನ್ನ ತೆಗೆಯಲು ಜಾನ್ ಟೇಲರ್ ಕಂಪನಿ ಕಾಲಿಟ್ಟದ್ದು 1880ರಲ್ಲಿ. ಅದಕ್ಕೆ ನನ್ನ ತಕರಾರಿಲ್ಲ, ಕಥೆಗೆ ಅಷ್ಟು ಸ್ವಾತಂತ್ರ್ಯ ಇರಲಿ. ನಾಯಕನನ್ನು ಜನ ಎದೆಗೆ ಅಪ್ಪಿಕೊಂಡದ್ದು ಯಾಕೆ ಅಂತ ನೋಡು: ತಾಯಿಗೆ ಕೊಟ್ಟ ಭಾಷೆ. ಅದೊಂದು ಗಟ್ಟಿಯಾಗಿ ನಿಂತಿರುವುದರಿಂದ ಅವನು ನೂರು ಜನರನ್ನು ಒಬ್ಬನೇ ಹೊಡೆದರೂ ಒಪ್ಪುತ್ತೇವೆ. ನನಗೆ ನೋವಾದದ್ದು ಗಣಿಯ ಕೂಲಿಗಳನ್ನು ನೋಡಿ. ಯಾರಾದರೂ ಬಂದು ಬಿಡಿಸಲಿ ಅನ್ನುವುದರ ಹೊರತು ಅವರಿಗೆ ಬೇರೆ ಬೇಕು ಅನ್ನುವುದೇ ಇಲ್ಲ.

ನಿಜವಾದ ಕೂಲಿಗಳಿಗೆ ಏನು ಬೇಕಾಗಿತ್ತು? 1930ರಲ್ಲಿ ಗಣಿ ಕಾರ್ಮಿಕರು ಸುಮಾರು ಮೂರು ವಾರ ಕೆಲಸ ನಿಲ್ಲಿಸಿದರು. ಕಾರಣ ಏನಿರಬಹುದು ಅಂತ ನಿಮ್ಮ ಬರಹಗಾರರ ಕೋಣೆಯಲ್ಲಿ ಕೇಳಿ ನೋಡು, ಎಲ್ಲರೂ ಕೂಲಿ ಹೆಚ್ಚಳ ಅನ್ನುತ್ತಾರೆ. ಕಿಡಿ ಹತ್ತಿದ್ದು ಬೆರಳಚ್ಚಿನಿಂದ. ಕೆಲಸಗಾರರೆಲ್ಲ ಹೆಬ್ಬೆಟ್ಟು ಒತ್ತಿ ಹೆಸರು ನೋಂದಾಯಿಸಬೇಕು ಅಂತ ಬಂದಾಗ, ಬಂಡೆ ಸಿಡಿಯುವ ಕತ್ತಲಿಗೆ ದಿನಾ ಇಳಿಯುತ್ತಿದ್ದವರು ಅದಕ್ಕೆ ಒಪ್ಪಲಿಲ್ಲ. ಕಳ್ಳರ ಹಾಗೆ ಬೆರಳು ಕೊಡುವುದಾ ಅಂತ. ಎಂಥ ಕಾರಣ ನೋಡು! ಯಾವ ಒನ್‌ಲೈನಿನಲ್ಲೂ ಮೊದಲಿಗೆ ಹೊಳೆಯದ್ದು, ಕೇಳಿದ ಮೇಲೆ ಇದಲ್ಲದೆ ಬೇರೆ ಆಗಲಾರದು ಅನ್ನಿಸುವಂಥದ್ದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆದರೂ ಅಂಥ ಕಾರಣಗಳು ಇನ್ನೂ ಆ ಲೈನ್ ಮನೆಗಳಲ್ಲಿ ಮುದುಕರ ಜೊತೆ ಕೂತಿವೆ. ಚಾನೆಲ್ ಆಫೀಸಿನ ಏಸಿ ಕೋಣೆಯಲ್ಲಿ ಸಿಗದಿದ್ದರೆ ಅಲ್ಲಿಗೆ ಬಂದು ಕೇಳು.

ಒಂದು ಮಾತು ಉಳಿಯಿತು. ನಿನ್ನ ಸಂಚಿಕೆಯಲ್ಲಿ ಅರ್ಧರಾತ್ರಿ ಹಿತ್ತಲ ಬಾಗಿಲು ತೆಗೆದು ಮಾಂತ್ರಿಕನನ್ನು ಒಳಗೆ ಬಿಡುವ ಮನೆಗೆಲಸದವಳು ಇದ್ದಾಳಲ್ಲ, ಅವಳಿಗೆ ನೀನು ಹೆಸರನ್ನೇ ಇಟ್ಟಿಲ್ಲ. ಹದಿನೆಂಟು ವರ್ಷ ಆ ಮನೆಯ ಅನ್ನ ಉಂಡವಳು ಅಂತ ಮಾತ್ರ ಬರೆದಿದ್ದೀಯ. ಅಗುಳಿ ಸರಿಸುವಾಗ ಅವಳ ಕೈ ನಡುಗಿತಾ? ಮನೆಯವರು ಅವಳಿಗೆ ಏನು ಮಾಡಿದ್ದರು, ಅಥವಾ ಏನು ಮಾಡದೆ ಉಳಿಸಿದ್ದರು? ಈ ಭಾನುವಾರ ಬೆಳಗಿನ ಮಾರಿಕುಪ್ಪಂ ಗಾಡಿ ಹಿಡಿದು ಬಾ. ಆ ಒಂದು ಸೀನ್ ಮಾತ್ರ ಹೊಸದಾಗಿ ಬರೆದುಕೊಂಡು ಬಾ. ನಿನ್ನ ಅಜ್ಜಿಯನ್ನೂ ಜಗಲಿಯಲ್ಲಿ ಕೂರಿಸಿಕೊಂಡು ಓದೋಣ.

ನಿನ್ನ ತಾತ