ಮಳೆಗಾಲದಲ್ಲೂ ಮನೆ ನಾರದಿರಲಿ: ನಾಯಿ, ಬೆಕ್ಕು ಸಾಕಿದವರಿಗೆ ಒಂಬತ್ತು ಸೂತ್ರಗಳು

ಬೇಸಿಗೆಯಲ್ಲಿ ಸುಳಿವೇ ಇಲ್ಲದ ವಾಸನೆ ಜೂನ್ ಮಳೆ ಶುರುವಾದೊಡನೆ ಮೂಗಿಗೆ ಅಡರುತ್ತದೆ. ಬೆಂಗಳೂರಿನಲ್ಲಿ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿರಲಿ, ಎಲೆಕ್ಟ್ರಾನಿಕ್ ಸಿಟಿಯ ಬಾಡಿಗೆ ಮನೆಯಿರಲಿ, ಪೀಣ್ಯದ ವಠಾರವಿರಲಿ, ನಾಯಿ ಬೆಕ್ಕು ಇರುವ ಕಡೆಯೆಲ್ಲ ಇದೇ ಗೋಳು. ಉಚ್ಚೆಯಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಹುಟ್ಟುತ್ತದೆ, ಘಾಟು ಅದರದು. ಸಂದಿಯಲ್ಲಿ ಒಣಗಿ ಉಳಿದ ಲವಣ ಗಾಳಿಯ ತೇವ ಹೀರಿದರೆ ಮತ್ತೆ ನಾರುತ್ತದೆ. ಹಾಗಾಗಿ ಪರಿಮಳ ಸಿಂಪಡಿಸಿ ಮುಚ್ಚಿದರೆ ಆಗದು. ಕೊಳೆಯನ್ನು ಬುಡದಿಂದ ತೆಗೆದು, ಜಾಗವನ್ನು ಪೂರ್ತಿ ಒಣಗಿಸಬೇಕು.

1. ಮೊದಲು ಹೀರಿಸಿ, ಆಮೇಲೆ ತೊಳೆಯಿರಿ
ಹಳೆಯ ಕಾಟನ್ ಬಟ್ಟೆಯನ್ನು ಒತ್ತಿ ಹಿಡಿದು ಉಚ್ಚೆಯನ್ನು ಪೂರ್ತಿ ಹೀರಿಸಿ. ಉಜ್ಜಿದರೆ ಕಲೆ ಅಗಲವಾಗುತ್ತದೆ. ನೇರವಾಗಿ ಮಾಪ್ ಹಾಕಿದರೆ ಒಂದು ಮೂಲೆಯ ಉಚ್ಚೆ ಇಡೀ ಹಾಲ್‌ಗೆ ಹರಡುತ್ತದೆ.

2. ಹಳೆಯ ಕಲೆಯನ್ನು ಕತ್ತಲಲ್ಲಿ ಹುಡುಕಿ
ರಾತ್ರಿ ದೀಪ ಆರಿಸಿ ಯುವಿ ಟಾರ್ಚ್ ಹಿಡಿದರೆ ಒಣಗಿದ ಉಚ್ಚೆ ಮಂಕಾಗಿ ಹೊಳೆಯುತ್ತದೆ. ಸೋಫಾ ಕಾಲು, ಬಾಗಿಲ ಚೌಕಟ್ಟು, ಸ್ಕರ್ಟಿಂಗ್, ಪರದೆಯ ಅಂಚುಗಳನ್ನು ತಪ್ಪದೆ ನೋಡಿ. ಸಿಕ್ಕ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ.

3. ನೆಲ ಯಾವುದೆಂದು ತಿಳಿದು ಮದ್ದು ಹಾಕಿ
ಮಾರ್ಬಲ್ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ವಿನಿಗರ್, ನಿಂಬೆ, ಹುಣಸೆ, ಯಾವ ಹುಳಿ ತಾಗಿದರೂ ಪಾಲಿಶ್ ಹೋಗಿ ಮಚ್ಚೆ ಉಳಿಯುತ್ತದೆ. ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್‌ನ ಕೆಲವೇ ಹನಿ ಬೆರೆಸಿದ ನೀರು ಸಾಕು. ಹಳೆ ಮನೆಗಳ ರೆಡ್ ಆಕ್ಸೈಡ್ ನೆಲವೂ ಸಿಮೆಂಟಿನದೇ, ಅಲ್ಲಿಯೂ ಹುಳಿ ಬೇಡ. ವಿಟ್ರಿಫೈಡ್ ಟೈಲ್ಸ್ ಮೇಲೆ ಒಂದು ಪಾಲು ಬಿಳಿ ವಿನಿಗರ್‌ಗೆ ಎರಡು ಪಾಲು ನೀರು ಸೇರಿಸಿ ಒರೆಸಬಹುದು. ಸಂದಿನ ಸಿಮೆಂಟ್ ಮೇಲೆ ನಿಲ್ಲಲು ಬಿಡದೆ ಬೇಗ ತೊಳೆದುಬಿಡಿ. ಲ್ಯಾಮಿನೇಟ್ ಹಲಗೆ ನೀರು ಕುಡಿದರೆ ಉಬ್ಬುತ್ತದೆ, ಚೆನ್ನಾಗಿ ಹಿಂಡಿದ ಬಟ್ಟೆಯಿಂದಷ್ಟೇ ಒರೆಸಿ.

4. ಎಂಜೈಮ್‌ಗೆ ಸಮಯ ಕೊಡಿ
ಪೆಟ್ ಶಾಪ್‌ಗಳಲ್ಲಿ ಸಿಗುವ ಎಂಜೈಮ್ ಕ್ಲೀನರ್ ವಾಸನೆಯ ಮೂಲವನ್ನೇ ಒಡೆಯುತ್ತದೆ. ಆದರೆ ಒದ್ದೆಯಾಗಿರುವಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತದೆ. ಉಚ್ಚೆ ಇಳಿದಷ್ಟೇ ಆಳಕ್ಕೆ ಅದೂ ಇಳಿಯುವಂತೆ ಧಾರಾಳವಾಗಿ ಹಾಕಿ, ಬಾಟಲಿ ಮೇಲೆ ಬರೆದಷ್ಟು ಹೊತ್ತು ಬಿಡಿ. ಬಿಸಿ ನೀರು, ಡಿಸ್‌ಇನ್‌ಫೆಕ್ಟೆಂಟ್ ಬೆರೆಸಿದರೆ ಎಂಜೈಮ್ ಶಕ್ತಿ ಕಳೆದುಕೊಳ್ಳುತ್ತದೆ.
ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಕಿತ್ತಳೆ ಸಿಪ್ಪೆ, ಹತ್ತು ಪಾಲು ನೀರು ಸೇರಿಸಿ ಮೂರು ತಿಂಗಳು ಹುಳಿ ಬರಿಸುವ ಬಯೋಎಂಜೈಮ್ ಈಗ ಬೆಂಗಳೂರಿನ ಅನೇಕ ಮನೆಗಳಲ್ಲಿದೆ. ಅದು ಟೈಲ್ಸ್ ಒರೆಸಲು ಒಳ್ಳೆಯದು. ಆದರೆ ಅದು ಹುಳಿ ದ್ರವ, ಮಾರ್ಬಲ್‌ಗೆ ಹಾಕಬೇಡಿ. ಹಳೆಯ ಉಚ್ಚೆ ಕಲೆಗೆ ಪೆಟ್ ಶಾಪ್‌ನ ಕ್ಲೀನರ್ ಬದಲು ಅದನ್ನು ನಂಬಬೇಡಿ.

5. ಬ್ಲೀಚಿಂಗ್ ಬೇಡ, ಫಿನಾಯಿಲ್ ಬೇಡ
ಬ್ಲೀಚ್‌ಗೆ ಉಚ್ಚೆಯ ಅಮೋನಿಯಾ ಸೇರಿದರೆ ಕ್ಲೋರಮೈನ್ ಅನಿಲ, ವಿನಿಗರ್ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಎರಡೂ ಶ್ವಾಸಕೋಶಕ್ಕೆ ವಿಷ. ಫಿನಾಯಿಲ್‌ನಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕವನ್ನು ಬೆಕ್ಕಿನ ಯಕೃತ್ತು ಅರಗಿಸಿಕೊಳ್ಳಲಾರದು. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕುವ ಬೆಕ್ಕಿನ ಜೀವಕ್ಕೇ ಅಪಾಯ. ಬೆಕ್ಕಿರುವ ಮನೆಯಿಂದ ಫಿನಾಯಿಲ್ ಇವತ್ತೇ ಆಚೆ ಹೋಗಲಿ.

6. ನೀರಿನ ಗಡಸುತನ ಮರೆಯಬೇಡಿ
ಬೋರ್‌ವೆಲ್, ಟ್ಯಾಂಕರ್ ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಜಿಗುಟು ಪದರವಾಗುತ್ತದೆ. ಕೊಳೆ ಅದಕ್ಕೆ ಅಂಟುತ್ತದೆ. ಕೊನೆಯ ಸಲ ಒರೆಸಲು ಕಾವೇರಿ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಬಳಸಿ. ಮಳೆನೀರಿನಷ್ಟು ಮೆದು ನೀರು ಬೇರೆ ಸಿಗದು.

7. ಒಣಗುವ ತನಕ ಕೆಲಸ ಮುಗಿದಿಲ್ಲ
ಮಳೆ ಬಿಟ್ಟ ಹೊತ್ತಿನಲ್ಲಿ ಎದುರುಬದುರು ಕಿಟಕಿ ತೆರೆಯಿರಿ. ಮಳೆ ಸುರಿಯುವಾಗ ಕಿಟಕಿ ಮುಚ್ಚಿ ಫ್ಯಾನ್ ಹಾಕಿ. ಎಸಿ ಇದ್ದರೆ ಡ್ರೈ ಮೋಡ್‌ನಲ್ಲಿಡಿ. ಹಾಸಿಗೆ, ಸೋಫಾ ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ, ರಾತ್ರಿಯೆಲ್ಲ ಬಿಟ್ಟು ಬೆಳಗ್ಗೆ ವ್ಯಾಕ್ಯೂಮ್ ಮಾಡಿ. ನಾಯಿಯ ಹಾಸಿಗೆಗೆ ತೊಳೆಯಬಹುದಾದ ಕವರ್ ಎರಡಿರಲಿ. ಬಿಸಿಲು ಕಂಡ ದಿನ ಎಲ್ಲವನ್ನೂ ಟೆರೇಸಿಗೆ ಹಾಕಿ.

8. ಪ್ರಾಣಿಯನ್ನು ಬೈಯುವ ಮೊದಲು ಕಾರಣ ಹುಡುಕಿ
ಹೊರವರ್ತುಲ ರಸ್ತೆಯ ಟ್ರಾಫಿಕ್‌ನಲ್ಲಿ ನೀವು ಸಿಕ್ಕಿಬಿದ್ದಿರುವಾಗ ಮನೆಯ ನಾಯಿ ಅಷ್ಟು ಹೊತ್ತೂ ತಡೆದುಕೊಂಡಿರುತ್ತದೆ. ಮಧ್ಯಾಹ್ನ ಹೊರಗೆ ಕರೆದೊಯ್ಯಲು ಯಾರನ್ನಾದರೂ ಗೊತ್ತುಮಾಡಿ. ಅಭ್ಯಾಸವಿದ್ದ ಪ್ರಾಣಿ ದಿಢೀರನೆ ಮನೆಯೊಳಗೆ ಉಚ್ಚೆ ಹೊಯ್ಯತೊಡಗಿದರೆ ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರಬಹುದು, ಪಶುವೈದ್ಯರಿಗೆ ತೋರಿಸಿ. ಗಂಡು ಬೆಕ್ಕು ತಿಣುಕಿದರೂ ಉಚ್ಚೆ ಬರದಿದ್ದರೆ ಒಂದು ಗಂಟೆಯೂ ಕಾಯಬೇಡಿ. ಇಲಿಜ್ವರ ನಾಯಿಯ ಉಚ್ಚೆಯಿಂದಲೂ ಹರಡಬಲ್ಲದು. ನಾಯಿಗೆ ಲಸಿಕೆ ಹಾಕಿಸಿ, ತೊಳೆಯುವಾಗ ಗ್ಲೌಸ್ ತೊಡಿ.

9. ಲಿಫ್ಟು, ಕಾರಿಡಾರೂ ನಿಮ್ಮ ಹೊಣೆ
ನಿವಾಸಿಗಳ ಸಂಘ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಆದರೆ ಪಕ್ಕದ ಮನೆಯವರ ವಿಶ್ವಾಸವನ್ನು ನಾವೇ ಗಳಿಸಬೇಕು. ಹೊರಗೆ ಹೋಗುವಾಗಲೆಲ್ಲ ಬಟ್ಟೆ, ಚೀಲ, ಸಣ್ಣ ಸ್ಪ್ರೇ ಬಾಟಲಿ ಜೊತೆಗಿರಲಿ.

ವಾಸನೆಯ ದೂರು, ಅಡ್ವಾನ್ಸ್‌ನಲ್ಲಿ ದುಡ್ಡು ಮುರಿದುಕೊಳ್ಳುವ ಓನರ್, ಇವರಿಗೆ ಹೆದರಿ ಸಾಕಿದ ಜೀವವನ್ನು ಯಾರೂ ಬೀದಿಗೆ ಬಿಡಬಾರದು. ಹೀರಿಸುವುದು, ಸರಿಯಾದ ಮದ್ದು ಹಾಕುವುದು, ಒಣಗಿಸುವುದು: ಈ ಮೂರನ್ನು ದಿನದ ಅಭ್ಯಾಸ ಮಾಡಿಕೊಂಡರೆ ಮನೆಯೂ ಉಳಿಯುತ್ತದೆ, ನಾಯಿ ಬೆಕ್ಕಿಗೂ ಅಲ್ಲಿ ಜಾಗ ಉಳಿಯುತ್ತದೆ.