ಮೊಬೈಲಿನಲ್ಲಿ ದಾಖಲೆ ತಡವಾಗಿ ಕಾಣುವುದೇಕೆ?



ಹಸುವಿಗೆ ಕೃತಕ ಗರ್ಭಧಾರಣೆ ಮಾಡಿದ ಕಾರ್ಯಕರ್ತರು ಕಿವಿಯೋಲೆಯ 12 ಅಂಕಿಯ ಸಂಖ್ಯೆ ಹಾಕಿ ಮೊಬೈಲಿನಲ್ಲಿ ದಾಖಲಿಸುತ್ತಾರೆ. ತಾವು ಕೂಡಲೇ ತೆರೆದು ನೋಡಿದರೆ ದಾಖಲೆ ಇರುವುದಿಲ್ಲ. "ಬರೆದೇ ಇಲ್ಲ" ಎಂದು ಮಾತಿಗೆ ಮಾತು ಬೆಳೆದದ್ದನ್ನು ನಾನು ಕಂಡಿದ್ದೇನೆ. ಎಷ್ಟೋ ಸಲ ಇಬ್ಬರದೂ ತಪ್ಪಿರುವುದಿಲ್ಲ.

ಸಂಘದ ಲೆಡ್ಜರನ್ನೇ ತೆಗೆದುಕೊಳ್ಳಿ. ಕಾರ್ಯದರ್ಶಿ ಬರೆಯುವುದು ಒಂದೇ ಪುಸ್ತಕದಲ್ಲಿ. ಬಟವಾಡೆಯ ದಿನ ಎಲ್ಲರೂ ಅದನ್ನೇ ಕೇಳಿದರೆ ಬರೆಯುವ ಕೆಲಸ ನಿಲ್ಲುತ್ತದೆ. ಪಕ್ಕದಲ್ಲಿ ಸಹಾಯಕನೊಬ್ಬ ಕುಳಿತು ಅದರ ನಕಲು ಮಾಡುತ್ತಾ ಹೋದರೆ ಸದಸ್ಯರು ಆ ನಕಲನ್ನು ನೋಡಿಕೊಳ್ಳಬಹುದು. ಬಹಳ ಜನ ಬಳಸುವ ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ಹೀಗೆಯೇ ಮಾಡುವ ಪದ್ಧತಿ ಇದೆ. ಮೂಲ ಪುಸ್ತಕಕ್ಕೆ ಪ್ರೈಮರಿ ಡೇಟಾಬೇಸ್ ಎಂದೂ ನಕಲಿಗೆ ರೆಪ್ಲಿಕಾ ಎಂದೂ ಹೆಸರು. ಬರೆಯುವುದೆಲ್ಲ ಪ್ರೈಮರಿಗೆ, ಓದುವುದು ಹೆಚ್ಚಾಗಿ ರೆಪ್ಲಿಕಾದಿಂದ. ಪ್ರೈಮರಿ ಕೆಟ್ಟರೆ ರೆಪ್ಲಿಕಾವನ್ನೇ ಅದರ ಜಾಗಕ್ಕೆ ತರಬಹುದು.

ನಕಲಾಗಲು ಸಾಮಾನ್ಯವಾಗಿ ಒಂದು ಸೆಕೆಂಡೂ ಬೇಡ. ಆದರೆ ಒತ್ತಡ ಹೆಚ್ಚಾದಾಗ, ನಡುವಿನ ಸಂಪರ್ಕ ಕಡಿದಾಗ ನಿಮಿಷಗಟ್ಟಲೆ, ಕೆಲವೊಮ್ಮೆ ಗಂಟೆಗಟ್ಟಲೆ ಹಿಂದೆ ಬೀಳುತ್ತದೆ. (ಸಿಗ್ನಲ್ ಇಲ್ಲದೆ ದಾಖಲೆ ಕಾರ್ಯಕರ್ತರ ಫೋನಿನಲ್ಲೇ ಉಳಿದಿರುವುದೂ ಉಂಟು. ಅದು ಬೇರೆ ಮಾತು.)

ಅಪಾಯವಿರುವುದು ಆತುರದಲ್ಲಿ. ಒಂದು ಊರಿನಲ್ಲಿ ದಾಖಲೆ ಕಾಣಲಿಲ್ಲವೆಂದು ಕಾರ್ಯಕರ್ತರಿಂದ ಮತ್ತೊಮ್ಮೆ ಬರೆಸಿದರು. ಎರಡೂ ಉಳಿದವು. ಎರಡು ಸಲ ಗರ್ಭಧಾರಣೆ ಮಾಡಿಸಿದ್ದ ಹಸು ಲೆಕ್ಕದಲ್ಲಿ ಮೂರು ಸಲವಾಗಿ, ಗಬ್ಬ ನಿಲ್ಲದ ಹಸುಗಳ ಪಟ್ಟಿಗೆ ಸೇರಿತು. ಪರೀಕ್ಷಿಸಿ ನೋಡಿದರೆ ಹಸು ಗಬ್ಬವಾಗಿತ್ತು! ಗರ್ಭಕೋಶಕ್ಕೆ ಔಷಧಿ ಹಾಕಿದ್ದರೆ ಕರು ಹೋಗುತ್ತಿತ್ತು.

ವ್ಯವಸ್ಥೆ ರೂಪಿಸುವವರ ಹೊಣೆಯೂ ಇದೆ. ದಾಖಲೆ ಬರೆದವರಿಗೆ ಸ್ವಲ್ಪ ಹೊತ್ತಾದರೂ ಪ್ರೈಮರಿಯಿಂದಲೇ ತೋರಿಸಬೇಕು. ಹಣ ಪಾವತಿಯ ಲೆಕ್ಕವನ್ನು ನಕಲು ನೋಡಿ ಮಾಡಬಾರದು.

ಇನ್ನೊಂದು ವಿಷಯ. ನಕಲು ಇದೆಯೆಂದು ನಿಶ್ಚಿಂತರಾಗಬೇಡಿ. ಮೂಲದಲ್ಲಿ 4.2 ಫ್ಯಾಟ್ 2.4 ಎಂದು ಬಿದ್ದರೆ ನಕಲಿನಲ್ಲೂ 2.4 ಆಗುತ್ತದೆ. ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಹಳೆಯ ಲೆಕ್ಕವನ್ನು ಕಾಪಾಡಲು ಬ್ಯಾಕಪ್ ಬೇರೆಯೇ ಬೇಕು. ತಮ್ಮ ಮಟ್ಟಿಗೆ ಹಾಲಿನ ಚೀಟಿಯೇ ಬ್ಯಾಕಪ್.

ಗರ್ಭಧಾರಣೆಯ ದಿನಾಂಕವನ್ನು ಕೊಟ್ಟಿಗೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ದಾಖಲೆ ಕಾಣದಿದ್ದರೆ ಮರುದಿನದವರೆಗೆ ಕಾಯಿರಿ. ಆಗಲೂ ಕಾಣದಿದ್ದರೆ ಹೊಸದಾಗಿ ಬರೆಸದೆ, ಮೊದಲಿನದು ಏನಾಯಿತೆಂದು ಕಾರ್ಯಕರ್ತರನ್ನು ಕೇಳಿ.