ಏಳನೆಯ ತರಗತಿಯ ಅನಂತರ ಯಾವ ಶಾಲೆ?

ನಮ್ಮ ಕಾಸರಗೋಡು ಸೀಮೆಯಲ್ಲಿ ಮಾರ್ಚ್ ತಿಂಗಳ ಪರೀಕ್ಷೆಗಳು ಮುಗಿದೊಡನೆ ಕಚೇರಿಯ ಬಾಗಿಲಲ್ಲಿ ಪ್ರತಿ ವರ್ಷವೂ ಒಂದೇ ಪ್ರಶ್ನೆ ಕೇಳಿಬರುತ್ತದೆ: “ಮಾಷ್ಟ್ರೇ, ಇನ್ನು ಇವನನ್ನು ಯಾವ ಹೈಸ್ಕೂಲಿಗೆ ಹಾಕುವುದು?” ಕೇರಳದಲ್ಲಿ ಪ್ರೌಢಶಾಲೆಯು ಎಂಟನೆಯ ತರಗತಿಯಿಂದ ಆರಂಭವಾಗುವುದರಿಂದ, ಏಳರವರೆಗೆ ಮಾತ್ರ ತರಗತಿಗಳಿರುವ ಶಾಲೆಯ ಮಕ್ಕಳು ಹನ್ನೆರಡು ಹದಿಮೂರರ ಪ್ರಾಯದಲ್ಲಿ ಶಾಲೆಯನ್ನು ಬದಲಿಸಲೇಬೇಕಾಗುತ್ತದೆ. ಹೆಚ್ಚಿನ ಮಕ್ಕಳ ವಿಷಯದಲ್ಲಿ ದಾರಿಯ ದೂರವೂ ಬಸ್ಸಿನ ಸಮಯವೂ ಈ ಪ್ರಶ್ನೆಗೆ ಉತ್ತರ ಕೊಟ್ಟುಬಿಡುತ್ತವೆ. ಆದರೆ ಒಂದು ಬಗೆಯ ಮಗುವಿಗೆ ಶಾಲೆಯ ಆಯ್ಕೆಯೇ ಮುಂದಿನ ಬಾಳಿನ ದಿಕ್ಕನ್ನು ಬದಲಿಸಬಲ್ಲುದು. ಅಂಥ ಮಗುವನ್ನು ಕುರಿತು ಈ ವರ್ಷ ನಾಲ್ಕು ಮಾತು ಬರೆಯಲು ಬಯಸುತ್ತೇವೆ.

ಈ ಮಗುವನ್ನು ನೀವೆಲ್ಲರೂ ಬಲ್ಲಿರಿ. ಹೇಳಿದ ಮಾತು ಅರ್ಧದಲ್ಲೇ ಕಿವಿಯಿಂದ ಜಾರುತ್ತದೆ. ಕೊಡೆ ಒಂದು ಕಡೆ, ಪುಸ್ತಕ ಇನ್ನೊಂದು ಕಡೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಾಯಿಂದ ಹಾರುತ್ತದೆ. ಬೆಂಚಿನ ಮೇಲೆ ಐದು ನಿಮಿಷ ಕುಳಿತರೆ ಆರನೆಯ ನಿಮಿಷಕ್ಕೆ ಕಾಲು ಕುಣಿಯುತ್ತದೆ. ಇದು ಮಿತಿ ಮೀರಿ, ಆರು ತಿಂಗಳಿಗಿಂತ ಹೆಚ್ಚು ಕಾಲ, ಮನೆಯಲ್ಲಿಯೂ ಶಾಲೆಯಲ್ಲಿಯೂ ಕಂಡುಬಂದು, ಹನ್ನೆರಡನೆಯ ವಯಸ್ಸಿಗೆ ಮೊದಲೇ ಇದರ ಗುರುತುಗಳು ತೋರಿದ್ದ ಪಕ್ಷದಲ್ಲಿ ವೈದ್ಯರು ಇದಕ್ಕೆ ಎ.ಡಿ.ಎಚ್.ಡಿ. ಎಂದು ಹೆಸರಿಡುತ್ತಾರೆ. ಅವಧಾನದ ಕೊರತೆ ಮತ್ತು ಅತಿಚಾಂಚಲ್ಯ ಎಂದು ನಾವು ಅದನ್ನು ಕನ್ನಡದಲ್ಲಿ ಹೇಳಬಹುದು. ಲೋಕದ ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದವರು ನೂರು ಮಕ್ಕಳಲ್ಲಿ ಸುಮಾರು 5 ಮಂದಿಗೆ ಇದಿದೆಯೆಂದು ಲೆಕ್ಕ ಹಾಕಿದ್ದಾರೆ. ಅಂದರೆ ನಾಲ್ವತ್ತು ಮಕ್ಕಳ ಒಂದು ತರಗತಿಯಲ್ಲಿ ಇಬ್ಬರು. ಹೆಣ್ಣುಮಕ್ಕಳಲ್ಲಿ ಕುಣಿದಾಟ ಕಡಿಮೆಯಾಗಿ ಮರೆವೂ ಮೈಮರೆವೂ ಹೆಚ್ಚಾಗಿ ಕಾಣುವುದುಂಟು. ಅಂಥವರು ಯಾರಿಗೂ ತೊಂದರೆ ಕೊಡದ ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದು ಮೊಬೈಲಿನಿಂದ ಹುಟ್ಟಿದ ಹೊಸ ರೋಗವೆಂದು ಕೆಲವರು ಹೇಳುತ್ತಾರೆ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಎಂಬವರು ಇಂತಹ ಲಕ್ಷಣಗಳುಳ್ಳ ಮಕ್ಕಳನ್ನು ತಮ್ಮ ಉಪನ್ಯಾಸಗಳಲ್ಲಿ ವರ್ಣಿಸಿದ್ದು 1902ರಲ್ಲಿ. ಆಗ ಮೊಬೈಲೆಲ್ಲಿತ್ತು? ಇದು ತಾಯ್ತಂದೆಗಳ ಮುದ್ದಿನ ಫಲವೂ ಅಲ್ಲ, ಮಗುವಿನ ಸೊಕ್ಕೂ ಅಲ್ಲ. ಬಹುಮಟ್ಟಿಗೆ ವಂಶದಿಂದ ಬರತಕ್ಕ, ಮಿದುಳಿನ ಬೆಳವಣಿಗೆಗೆ ಸಂಬಂಧಪಟ್ಟ ಸ್ಥಿತಿ.

“ರಾತ್ರಿಯಿಡೀ ಯಕ್ಷಗಾನ ನೋಡುತ್ತಾನೆ, ಲೆಕ್ಕಕ್ಕೆ ಹತ್ತು ನಿಮಿಷ ಕೂರುವುದಿಲ್ಲ. ಇದು ಬೇಕೆಂದೇ ಮಾಡುವುದಲ್ಲವೇ?” ಎಂದು ಅನೇಕ ಪೋಷಕರು ಕೇಳಿದ್ದಾರೆ. ಅಲ್ಲ. ಚೆಂಡೆಯ ಪೆಟ್ಟೂ ವೇಷದ ಬಣ್ಣವೂ ಗಳಿಗೆ ಗಳಿಗೆಗೂ ಮನಸ್ಸನ್ನು ತಾವೇ ಹಿಡಿದುಕೊಳ್ಳುತ್ತವೆ. ಲೆಕ್ಕದ ಮುಂದೆ ಮನಸ್ಸನ್ನು ಮಗುವೇ ಹಿಡಿದಿಡಬೇಕು. ಆ ಹಿಡಿತವೇ ಈ ಮಗುವಿನಲ್ಲಿ ದುರ್ಬಲವಾದುದು. ಪ್ರೌಢಶಾಲೆಯಲ್ಲಿ ವಿಷಯಕ್ಕೊಬ್ಬರು ಉಪಾಧ್ಯಾಯರು, ವಿಷಯಕ್ಕೊಂದು ನೋಟು ಪುಸ್ತಕ, ವಾರಗಟ್ಟಲೆ ನಡೆಯುವ ಕೆಲಸಗಳು. ಮರೆಯುವ ಮಗುವಿಗೆ ಮರೆಯಲು ಹತ್ತು ಹೊಸ ಕಾರಣಗಳು ದೊರಕುತ್ತವೆ.

ಇಲ್ಲಿ ನಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಹಲವು ವರ್ಷಗಳ ಹಿಂದೆ ಇಂಥ ಹುಡುಗನೊಬ್ಬ ನಮ್ಮ ತರಗತಿಯಲ್ಲಿದ್ದನು. ಅವನನ್ನು ನಾವು ಎಷ್ಟು ಸಲ ಜಗಲಿಯಲ್ಲಿ ನಿಲ್ಲಿಸಿದೆವೋ ಲೆಕ್ಕವಿಲ್ಲ. ಏಳನೆಯ ತರಗತಿ ಮುಗಿದಾಗ ಅವನ ತಂದೆ ಬಂದು, ದೂರದ ವಸತಿಶಾಲೆಗೆ ಸೇರಿಸಿದರೆ ಶಿಸ್ತು ಬಂದೀತೇ ಎಂದು ಕೇಳಿದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹೇಳಿ ನಾವೇ ಹೂಂಗುಟ್ಟಿದೆವು. ಓಣಂ ಪರೀಕ್ಷೆಗೆ ಮೊದಲೇ ಹುಡುಗ ಹಿಂದೆ ಬಂದನು. ಜತೆಗೆ ದೂರುಗಳ ಒಂದು ಕಟ್ಟು ಇತ್ತು. ಮಾತು ಮಾತ್ರ ಇರಲಿಲ್ಲ. ಮೂರು ತಿಂಗಳು ಅವನು ಮನೆಯಿಂದ ಹೊರಗೆ ಬರಲಿಲ್ಲ. ಕೊನೆಗೆ ತಾಯಿ ಅವನನ್ನು ಹತ್ತಿರದ, ಹೆಸರಿಲ್ಲದ ಒಂದು ಕನ್ನಡ ಶಾಲೆಗೆ ಕರೆದುಕೊಂಡು ಹೋದರು. ಅಲ್ಲಿನ ವಿಜ್ಞಾನದ ಅಧ್ಯಾಪಿಕೆ ಅವನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿಕೊಂಡು, ಪ್ರಯೋಗದ ಸಾಮಾನು ತರುವ ಕೆಲಸವನ್ನು ಅವನಿಗೇ ಒಪ್ಪಿಸಿ, ಸಂಜೆ ಹೊರಡುವ ಮುನ್ನ ಅವನ ಡೈರಿಯನ್ನು ತಾವೇ ನೋಡುತ್ತಿದ್ದರು. ಹುಡುಗ ಪ್ರಥಮ ಶ್ರೇಣಿಯಲ್ಲೇನೂ ತೇರ್ಗಡೆಯಾಗಲಿಲ್ಲ. ಆದರೆ ಶಾಲೆ ಬಿಡಲಿಲ್ಲ, ಹತ್ತನೆಯದನ್ನು ಮುಗಿಸಿದನು. ನಾವು ಜಗಲಿಯಲ್ಲಿ ಕಳೆದುದನ್ನು ಆ ಅಧ್ಯಾಪಿಕೆ ಬೆಂಚಿನ ಮೇಲೆ ಗಳಿಸಿಕೊಟ್ಟರು.

ಆದುದರಿಂದ ಶಾಲೆಯನ್ನು ಅದರ ಫಲಿತಾಂಶದ ಫಲಕದಿಂದ ಅಳೆಯಬೇಡಿ. ನಿಮ್ಮ ಮಗು ಕೆಟ್ಟದಾಗಿ ಕಳೆಯುವ ಒಂದು ಸಾಮಾನ್ಯ ದಿನದಲ್ಲಿ ಆ ಶಾಲೆ ಅದನ್ನು ಹೇಗೆ ನಡೆಸಿಕೊಂಡೀತು ಎಂಬುದೇ ನಿಜವಾದ ಅಳತೆ. ಅದನ್ನು ತಿಳಿಯುವ ಬಗೆ ಹೀಗೆ.

ಮೊದಲನೆಯದು: ವಾರ್ಷಿಕೋತ್ಸವದ ದಿನ ಹೋಗಬೇಡಿ, ಪಾಠ ನಡೆಯುವ ದಿನ ಹೋಗಿ. ಜಗಲಿಯಲ್ಲಿ ಎಷ್ಟು ಮಕ್ಕಳು ನಿಂತಿದ್ದಾರೆ, ಉಪಾಧ್ಯಾಯರ ದನಿ ಹೇಗಿದೆ ಎಂಬುದನ್ನು ಗಮನಿಸಿ.

ಎರಡನೆಯದು: ಮುಖ್ಯೋಪಾಧ್ಯಾಯರನ್ನು, “ಮನೆಕೆಲಸ ತರಲು ಮರೆತ ಮಗುವಿಗೆ ಇಲ್ಲಿ ಏನು ಮಾಡುತ್ತೀರಿ?” ಎಂದು ಕೇಳಿ. “ನಮ್ಮಲ್ಲಿ ಮರೆಯಲು ಬಿಡುವುದೇ ಇಲ್ಲ” ಎಂದರೆ ನಮಸ್ಕರಿಸಿ ಹೊರಟುಬನ್ನಿ. “ಏಕೆ ಮರೆಯುತ್ತದೆ?” ಎಂದು ಅವರೇ ಮರುಪ್ರಶ್ನೆ ಹಾಕಿದರೆ ಕುರ್ಚಿ ಎಳೆದು ಕುಳಿತುಕೊಳ್ಳಿ.

ಮೂರನೆಯದು: ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ? ಕಿಟಕಿ ಬಾಗಿಲುಗಳಿಂದ ದೂರ, ಉಪಾಧ್ಯಾಯರಿಗೆ ಹತ್ತಿರ ಒಂದು ಸ್ಥಳ ದೊರೆತೀತೇ? ದೊಡ್ಡ ಕೆಲಸವನ್ನು ಸಣ್ಣ ತುಂಡುಗಳಾಗಿ ಮಾಡಿಕೊಟ್ಟಾರೇ? ನಮ್ಮ ಕೆಲವು ಕನ್ನಡ ವಿಭಾಗಗಳಲ್ಲಿ ಮಕ್ಕಳು ಕಡಿಮೆಯೆಂದು ನಾವು ಮರುಗುತ್ತೇವೆ. ಈ ಮಗುವಿಗೆ ಮಾತ್ರ ಅದು ವರವೇ ಸರಿ.

ನಾಲ್ಕನೆಯದು: ಆಟದ ಪೀರಿಯಡನ್ನು ಶಿಕ್ಷೆಯಾಗಿ ಕಿತ್ತುಕೊಳ್ಳುವ ಪದ್ಧತಿ ಇದೆಯೇ? ಕುಳಿತಿರಲಾರದ ಮಗುವಿನಿಂದ ಓಟವನ್ನು ಕಸಿದರೆ ಮುಂದಿನ ಪಾಠವೂ ಹಾಳಾಗುತ್ತದೆ.

ಐದನೆಯದು: ಮಗುವಿನ ವಿಷಯದಲ್ಲಿ ಹೊಣೆ ಹೊರುವ ಒಬ್ಬರಾದರೂ ಉಪಾಧ್ಯಾಯರು ಇದ್ದಾರೆಯೇ? ಎಲ್ಲರಿಗೂ ಸೇರಿದ ಮಗು ಕೊನೆಗೆ ಯಾರಿಗೂ ಸೇರದೆ ಹೋಗುವುದುಂಟು. ಸಮಗ್ರ ಶಿಕ್ಷಾ ಕೇರಳದ ಬಿ.ಆರ್.ಸಿ.ಯಿಂದ ವಿಶೇಷ ಶಿಕ್ಷಕರು ಆ ಶಾಲೆಗೆ ಬರುತ್ತಾರೆಯೇ ಎಂದೂ ವಿಚಾರಿಸಿ.

ಆರನೆಯದು ಭಾಷೆ. ಹೊಸ ಶಾಲೆ, ಹೊಸ ಗೆಳೆಯರು, ಇವುಗಳ ಮೇಲೆ ಮಾಧ್ಯಮವನ್ನೂ ಬದಲಿಸಿದರೆ ಬಳಲಿದ ಎತ್ತಿನ ಮೇಲೆ ಇನ್ನೊಂದು ಮೂಟೆ ಹೇರಿದಂತೆ. ನಮ್ಮದು ಕನ್ನಡ ಶಾಲೆಯಾದುದರಿಂದ ಹೀಗೆ ಹೇಳುತ್ತೇವೆಂದು ತಿಳಿಯಬಾರದು. ಮಗುವನ್ನು ಜಗಲಿಯಲ್ಲಿ ನಿಲ್ಲಿಸುವ ಕನ್ನಡ ಶಾಲೆಗಿಂತ ಬೆಂಚಿನಲ್ಲಿ ಕೂರಿಸಿಕೊಳ್ಳುವ ಬೇರೆ ಶಾಲೆಯೇ ಮೇಲು. ಪರೀಕ್ಷಿಸುವ ಮನಶ್ಶಾಸ್ತ್ರಜ್ಞರೂ ಮಗುವಿನ ಮನೆಮಾತನ್ನು ಬಲ್ಲವರಾಗಿದ್ದರೆ ಒಳ್ಳೆಯದು. ಪ್ರಶ್ನೆ ತಿಳಿಯದೆ ತಡವರಿಸುವುದಕ್ಕೂ ಮನಸ್ಸು ನಿಲ್ಲದೆ ತಡವರಿಸುವುದಕ್ಕೂ ಬಹಳ ಅಂತರವಿದೆ. ಕಣ್ಣು ಕಿವಿಗಳ ಪರೀಕ್ಷೆಯನ್ನೂ ಮಾಡಿಸತಕ್ಕದ್ದು. ಔಷಧಿ ಬೇಕೋ ಬೇಡವೋ ಎಂಬುದನ್ನು ವೈದ್ಯರೊಡನೆ ಕುಳಿತು ತೀರ್ಮಾನಿಸಬೇಕೇ ಹೊರತು ನೆರೆಮನೆಯವರೊಡನೆ ಅಲ್ಲ.

ಕಾನೂನಿನ ಎರಡು ಮಾತುಗಳನ್ನೂ ತಿಳಿದಿರಿ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಓದು, ಬರೆಹ, ಲೆಕ್ಕಗಳ ನಿರ್ದಿಷ್ಟ ಕಲಿಕಾ ನ್ಯೂನತೆಯ ಹೆಸರಿದೆ, ಎ.ಡಿ.ಎಚ್.ಡಿ.ಯ ಹೆಸರು ಪ್ರತ್ಯೇಕವಾಗಿ ಇಲ್ಲ. ಇವೆರಡೂ ಒಂದೇ ಮಗುವಿನಲ್ಲಿ ಜತೆಯಾಗಿರುವುದು ಅಪರೂಪವಲ್ಲ. ಆದಕಾರಣ ಎರಡನ್ನೂ ಪರೀಕ್ಷಿಸಿ, ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ದೊರೆಯಬಹುದಾದ ಸೌಲಭ್ಯಗಳನ್ನೂ ಅವಕ್ಕೆ ಬೇಕಾದ ಪ್ರಮಾಣಪತ್ರಗಳನ್ನೂ ಎಂಟನೆಯ ತರಗತಿಯಲ್ಲೇ ವಿಚಾರಿಸುವುದು ಜಾಣತನ. ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಫಲವಿಲ್ಲ. ಮಗುವಿನ ಸ್ಥಿತಿಯನ್ನು ಶಾಲೆಯಿಂದ ಮುಚ್ಚಿಡಲೂ ಬೇಡಿ. ಕಾರಣ ತಿಳಿಯದವರು ತಪ್ಪನ್ನು ಮಾತ್ರ ಕಾಣುತ್ತಾರೆ.

ಪ್ರಿಯ ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತಿದೆ. ನಿಮ್ಮ ಬೆಂಚಿನ ಗೆಳೆಯ ಪೆನ್ಸಿಲನ್ನು ಮೂರನೆಯ ಸಲ ಕಳೆದುಕೊಂಡಾಗ ನಗಬೇಡಿ, ಒಂದನ್ನು ಕೊಡಿ. ನಾಳೆಯ ಪಾಠ ಯಾವುದೆಂದು ಸಂಜೆ ಅವನಿಗೆ ನೆನಪಿಸಿ. ಆ ಗೆಳೆಯ ನೀವೇ ಆಗಿದ್ದರೆ ಇಷ್ಟನ್ನು ತಿಳಿಯಿರಿ: ನೀವು ದಡ್ಡರಲ್ಲ, ಕೆಟ್ಟವರೂ ಅಲ್ಲ. ಆಗದ್ದನ್ನು ಆಗುವುದಿಲ್ಲವೆಂದು ಹೇಳಿ ಸಹಾಯ ಕೇಳುವುದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ.

ಜೂನ್ ತಿಂಗಳ ಮಳೆಯಲ್ಲಿ ಶಾಲೆಗಳು ಮತ್ತೆ ತೆರೆಯುತ್ತವೆ. ಕೊಡೆಯನ್ನು ಎಲ್ಲೋ ಬಿಟ್ಟು, ತೊಯ್ದ ಪುಸ್ತಕಗಳೊಡನೆ, ಗಂಟೆ ಬಾರಿಸಿದ ಮೇಲೆ ಓಡಿಬರುವ ಮಗು ಪ್ರತಿ ಶಾಲೆಯಲ್ಲಿಯೂ ಒಂದಾದರೂ ಇರುತ್ತದೆ. ಆ ಮಗುವಿಗೆ “ಎಲ್ಲಿ ಹೋಗಿದ್ದೆ?” ಎಂದು ಗದರಿಸುವ ಮೊದಲು “ಬಾ, ಒಳಗೆ ಕುಳಿತುಕೋ” ಎನ್ನುವವರು ಯಾರಿದ್ದಾರೆಂದು ನೋಡಿ, ಅಲ್ಲಿಗೆ ಸೇರಿಸಿ. ನಮ್ಮ ಶಾಲೆಯ ಜಗಲಿ ಈಗ ಖಾಲಿಯಾಗಿದೆ. ಅದನ್ನು ಖಾಲಿಯಾಗಿಯೇ ಇಡುವುದು ನಮ್ಮ ಸಂಕಲ್ಪ.